ಸ್ವೀಟ್ ಕಾರ್ನ್ ತೆನೆಯಲ್ಲಿ ಅರ್ಧ ಬೋಳು, ಕೆಲವು ಕಾಳು ಸಪ್ಪೆ. ಎಲ್ಲಿ ತಪ್ಪಿತು?

ಹಿತ್ತಲ ಹಸಿರು, ಮೈಸೂರು | ಸೆಪ್ಟೆಂಬರ್ 4

ಎಲ್ಲರಿಗೂ ನಮಸ್ಕಾರ. ಮೊದಲ ಸಲ ಮನೆಯಲ್ಲಿ ಸ್ವೀಟ್ ಕಾರ್ನ್ ಹಾಕಿದ್ದೆ. ಜೂನ್ ಎರಡನೇ ವಾರ ಬೀಜ ಊರಿದ್ದು. ಕಾಂಪೌಂಡ್ ಗೋಡೆ ಪಕ್ಕ ಉದ್ದಕ್ಕೂ ಒಂದೇ ಸಾಲು, 18 ಗಿಡ. ಗಿಡ ಚೆನ್ನಾಗಿ ಬಂತು. ನನಗಿಂತ ಎತ್ತರ ಬೆಳೆಯಿತು. ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಿದ್ದರು.

ನಿನ್ನೆ ಮೊದಲ ತೆನೆ ಕಿತ್ತೆ. ಸಿಪ್ಪೆ ಸುಲಿದ ಮೇಲೆ ಅಳುವೇ ಬಂತು. ತೆನೆಯ ಒಂದು ಬದಿ ಪೂರ್ತಿ ಬೋಳು. ಇನ್ನೊಂದು ಬದಿಯಲ್ಲಿ ನಾಲ್ಕು ಕಾಳು, ಆಮೇಲೆ ಸಂದಿ, ಮತ್ತೆ ಎರಡು ಕಾಳು, ಮತ್ತೆ ಸಂದಿ. ಮಗಳು ಕೂತು ಎಣಿಸಿದಳು. 112 ಕಾಳು. ಅಂಗಡಿಯಿಂದ ತಂದ ತೆನೆಯನ್ನೂ ಎಣಿಸಿದೆವು, ಅದು 500 ದಾಟಿತು. ಇನ್ನೂ ಐದು ತೆನೆ ಸುಲಿದು ನೋಡಿದೆ. ಎಲ್ಲವೂ ಹೀಗೇ.

ಇನ್ನೊಂದು ವಿಷಯ ನನಗೆ ಅರ್ಥವೇ ಆಗಿಲ್ಲ. ಬೇಯಿಸಿ ತಿಂದರೆ ಕೆಲವು ಕಾಳು ಒಳ್ಳೆ ಸಿಹಿ. ಅದರ ಪಕ್ಕದ ಕಾಳೇ ಸಪ್ಪೆ, ಹಿಟ್ಟು ಹಿಟ್ಟು. ಒಂದೇ ತೆನೆಯಲ್ಲಿ ಎರಡು ರುಚಿ ಹೇಗೆ ಬರುತ್ತದೆ? ಗೊಬ್ಬರದ ಅಂಗಡಿಯಲ್ಲಿ ಕೇಳಿದರೆ ಬೋರಾನ್ ಕೊರತೆ, ಸ್ಪ್ರೇ ಮಾಡಿ ಅಂದರು. ತಗೊಳ್ಳುವ ಮೊದಲು ಇಲ್ಲಿ ಕೇಳೋಣ ಅಂತ ಬಂದೆ. ಬೀಜದ ಮೋಸ ಇರಬಹುದಾ?


ರಾಣೆಬೆನ್ನೂರು ರೈತ | ಸೆಪ್ಟೆಂಬರ್ 4

ಅಕ್ಕಾರೇ, ಬೋರಾನ್ ತರಬೇಡಿ. ಬೀಜದ ಮೋಸವೂ ಅಲ್ಲ. ಒಂದೇ ಸಾಲು ಹಾಕಿದ್ದೀರಲ್ಲ, ತೊಂದರೆ ಅಲ್ಲೇ ಇದೆ.

ನಾವು ಗೋವಿನಜೋಳ, ಅಂದರೆ ಮುಸುಕಿನ ಜೋಳ, ಮೆಕ್ಕೆಜೋಳ ಅನ್ನುತ್ತಾರಲ್ಲ ಅದನ್ನೇ, ಎಕರೆಗಟ್ಟಲೆ ಹಾಕುತ್ತೇವೆ. ನಮ್ಮ ಹೊಲದಲ್ಲೂ ಅಂಚಿನ ಸಾಲಿನ ತೆನೆ ನೋಡಿ, ಅದರಲ್ಲೂ ಗಾಳಿ ಬರುವ ದಿಕ್ಕಿನ ಸಾಲು. ತುದಿ ಬೋಳಿರುತ್ತದೆ. ನಡುಹೊಲದ ತೆನೆ ತುದಿವರೆಗೂ ತುಂಬಿರುತ್ತದೆ. ಗಿಡದ ತುದಿಯಲ್ಲಿ ಬರುವ ಸೂಲಂಗಿ ಗಂಡು ಹೂ, ತೆನೆಯ ಕೂದಲು ಹೆಣ್ಣು. ಸೂಲಂಗಿಯ ಪುಡಿ, ಅಂದರೆ ಪರಾಗ, ಗಾಳಿಯಲ್ಲಿ ಹಾರಿ ಬಂದು ಕೂದಲ ಮೇಲೆ ಬೀಳಬೇಕು. ಜೇನು ಸೂಲಂಗಿಗೆ ಬಂದು ಪುಡಿ ಒಯ್ಯುತ್ತದೆ, ಆದರೆ ಕೂದಲ ಹತ್ತಿರ ಅದಕ್ಕೆ ಏನೂ ಸಿಗುವುದಿಲ್ಲ, ಹಾಗಾಗಿ ಅಲ್ಲಿ ಕೂರುವುದಿಲ್ಲ. ಈ ಬೆಳೆಗೆ ಗಾಳಿಯೇ ಗತಿ. ಒಂದೇ ಸಾಲು ಇದ್ದರೆ ಪುಡಿಯೆಲ್ಲ ಆಚೆ ರಸ್ತೆಗೋ ಗೋಡೆಗೋ ಹೋಗುತ್ತದೆ.

18 ಗಿಡವನ್ನೇ ಚೌಕವಾಗಿ ಗುಂಪು ಕಟ್ಟಿ ಹಾಕಿದ್ದರೆ ಈ ತೆನೆ ತುಂಬುತ್ತಿತ್ತು.


ಕೃಷಿ ಪದವೀಧರೆ | ಸೆಪ್ಟೆಂಬರ್ 5

ರೈತಣ್ಣ ಹೇಳಿದ್ದು ಪೂರ್ತಿ ಸರಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇದೊಂದು ಮಾತು ಗೊತ್ತಾದರೆ ಈ ಗಿಡದ ಅರ್ಧ ಗುಟ್ಟು ಗೊತ್ತಾದ ಹಾಗೆ.

ತೆನೆಯ ತುದಿಯಲ್ಲಿ ರೇಷ್ಮೆಯಂಥ ಕೂದಲು ಇಳಿದಿರುತ್ತದಲ್ಲ, ಅದು ಸುಮ್ನೆ ಅಲಂಕಾರಕ್ಕಲ್ಲ. ಒಂದು ಕೂದಲು ಒಂದು ಕಾಳಿಗೆ ಸೇರಿದ್ದು. ದಿಂಡಿನ ಮೇಲೆ 500 ಕಾಳಿನ ಜಾಗ ಇದ್ದರೆ 500 ಕೂದಲು ಹೊರಗೆ ಬರುತ್ತವೆ. ಪ್ರತಿ ಕೂದಲಿಗೂ ಒಂದು ಪರಾಗದ ಕಣವಾದರೂ ತಾಗಬೇಕು. ತಾಗಿದರೆ ಅದು ಕೂದಲ ಒಳಗೇ ಬೆಳೆದುಕೊಂಡು ಒಂದು ದಿನದೊಳಗೆ ಕಾಳಿನವರೆಗೂ ತಲುಪುತ್ತದೆ. ತಾಗದ ಕೂದಲಿನ ಜಾಗ ಖಾಲಿ ಉಳಿಯುತ್ತದೆ. ನಿಮ್ಮ ಮಗಳು ಎಣಿಸಿದ 112 ಅಂದರೆ, ಅಷ್ಟೇ ಕೂದಲಿಗೆ ಪರಾಗ ಸಿಕ್ಕಿದೆ ಅಂತ ಲೆಕ್ಕ.

ತೆನೆಯ ಬುಡದ ಕಾಳಿನ ಕೂದಲು ಮೊದಲು ಹೊರಗೆ ಬರುತ್ತದೆ, ತುದಿಯ ಕಾಳಿನದು ಕೊನೆಗೆ. ಕೊನೆಯವು ಬರುವ ಹೊತ್ತಿಗೆ ಪರಾಗ ಮುಗಿದಿದ್ದರೆ ತುದಿ ಮಾತ್ರ ಬೋಳಾಗುತ್ತದೆ. ನೀರು, ಗೊಬ್ಬರ ಕಮ್ಮಿಯಾದರೂ ತುದಿ ಬೋಳಾಗುವುದುಂಟು. ಆದರೆ ನಿಮ್ಮದು ಒಂದು ಬದಿಯೇ ಖಾಲಿ, ನಡುನಡುವೆಯೂ ಸಂದಿ. ಪರಾಗ ಸಾಲದೆ ಹೋದಾಗ ಹೀಗಾಗುತ್ತದೆ.

ಎರಡು ರುಚಿಯ ಬಗ್ಗೆ ಒಂದು ಪ್ರಶ್ನೆ. ನಿಮ್ಮ ಮನೆ ಹತ್ತಿರ ಯಾರಾದರೂ ಮುಸುಕಿನ ಜೋಳ ಹಾಕಿದ್ದರಾ?


ಹಿತ್ತಲ ಹಸಿರು, ಮೈಸೂರು | ಸೆಪ್ಟೆಂಬರ್ 5

ಹೌದು! ಹಿಂದಿನ ಖಾಲಿ ಸೈಟಿನಲ್ಲಿ ಒಬ್ಬರು ಅಜ್ಜ ಮುಸುಕಿನ ಜೋಳ ಹಾಕಿದ್ದರು. ನಮ್ಮ ಗೋಡೆಯಿಂದ 30 ಅಡಿ ಇರಬಹುದು ಅಷ್ಟೇ. ಎರಡೂ ಹೆಚ್ಚು ಕಡಿಮೆ ಒಟ್ಟಿಗೇ ಸೂಲಂಗಿ ಬಿಟ್ಟವು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ? ಬೆರಕೆ ಆದರೂ ಅದು ಮುಂದಿನ ಸಲ ಬಿತ್ತಿದಾಗ ತಾನೇ ಗೊತ್ತಾಗೋದು?


ಕೃಷಿ ಪದವೀಧರೆ | ಸೆಪ್ಟೆಂಬರ್ 5

ಬೇರೆ ತರಕಾರಿಗಳಲ್ಲಿ ನೀವು ಹೇಳಿದ ಹಾಗೆಯೇ. ಕುಂಬಳ ಬೆರಕೆಯಾದರೂ ಈ ವರ್ಷದ ಕಾಯಿ ರುಚಿ ಬದಲಾಗುವುದಿಲ್ಲ, ಅದರ ಬೀಜ ಬಿತ್ತಿದಾಗ ಗೊತ್ತಾಗುತ್ತದೆ. ಜೋಳದಲ್ಲಿ ನಾವು ತಿನ್ನುವುದು ಬೀಜವನ್ನೇ ಅಲ್ವಾ? ಆ ಬೀಜದೊಳಗಿನ ಹಿಟ್ಟಿನ ಭಾಗದಲ್ಲಿ ತಂದೆಯ ಪಾಲೂ ಇರುತ್ತದೆ. ಹಾಗಾಗಿ ಪರಿಣಾಮ ಅದೇ ತೆನೆಯಲ್ಲಿ, ಅದೇ ಕಾಳಿನಲ್ಲಿ ಕಾಣುತ್ತದೆ.

ಸ್ವೀಟ್ ಕಾರ್ನ್ ಸಿಹಿಯಾಗಿರುವುದಕ್ಕೆ ಕಾರಣ ಅದರಲ್ಲಿ ಸಕ್ಕರೆ ಹಿಟ್ಟಾಗಿ ಬದಲಾಗುವ ದಾರಿಯಲ್ಲಿ ಒಂದು ಕೊಂಡಿ ಕಳಚಿರುವುದು. ತಂದೆ ತಾಯಿ ಇಬ್ಬರಲ್ಲೂ ಆ ಕೊಂಡಿ ಕಳಚಿದ್ದರೆ ಮಾತ್ರ ಕಾಳು ಸಿಹಿ. ಅಜ್ಜನ ಮುಸುಕಿನ ಜೋಳದ ಪರಾಗ ಬಂದ ಕೂದಲಿಗೆ ಆ ಕೊಂಡಿ ಮತ್ತೆ ಸಿಕ್ಕಿಬಿಡುತ್ತದೆ, ಕಾಳು ಹಿಟ್ಟಾಗುತ್ತದೆ. ಪಕ್ಕದ ಕೂದಲಿಗೆ ನಿಮ್ಮದೇ ಗಿಡದ ಪರಾಗ ಬಂದಿದ್ದರೆ ಅದು ಸಿಹಿ.

ಇದನ್ನು ಕಣ್ಣಾರೆ ನೋಡಬಹುದು. ಒಂದು ತೆನೆ ಕೀಳದೆ ಗಿಡದಲ್ಲೇ ಪೂರ್ತಿ ಒಣಗಲು ಬಿಡಿ. ಒಣಗಿದ ಮೇಲೆ ಸುಲಿದು, ಏನು ಕಂಡಿತು ಅಂತ ಇಲ್ಲಿ ಹೇಳಿ. ಮೊದಲೇ ನಾನು ಹೇಳುವುದಿಲ್ಲ.


ತಾರಸಿ ತೋಟ, ಬೆಂಗಳೂರು | ಸೆಪ್ಟೆಂಬರ್ 6

ನಾನು ಮೂರು ವರ್ಷದಿಂದ ತಾರಸಿಯಲ್ಲಿ ಬೆಳೆಯುತ್ತಿದ್ದೇನೆ. 20 ಲೀಟರ್ ಪೇಂಟ್ ಬಕೆಟ್ಟು, ಒಂದಕ್ಕೆ ಎರಡು ಗಿಡ. ಇಂಥ 9 ಬಕೆಟ್ ಒಂದಕ್ಕೊಂದು ತಾಗಿಸಿ ಮೂರು ಮೂರರ ಸಾಲು ಮಾಡಿ ಇಡುತ್ತೇನೆ. ಅಷ್ಟು ಚಿಕ್ಕ ಗುಂಪಿಗೆ ಗಾಳಿಯೊಂದನ್ನೇ ನಂಬಲು ಆಗುವುದಿಲ್ಲ. ಆದ್ದರಿಂದ ಪರಾಗವನ್ನು ಕೈಯಿಂದಲೇ ಹಾಕುತ್ತೇನೆ. ಹೇಗೆ ಅಂತ ಹೇಳಿಬಿಡುತ್ತೇನೆ.

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, 9ರಿಂದ 11ರ ಒಳಗೆ. ಸೂಲಂಗಿಯ ಕೊಂಬೆಗಳಿಂದ ಚಿಕ್ಕ ಚಿಕ್ಕ ಹಳದಿ ಚೀಲಗಳು ನೇತಾಡುತ್ತಿದ್ದರೆ ಪರಾಗ ಬಂದಿದೆ ಅಂತ ಅರ್ಥ. ಒಂದು ಒಣ ಪೇಪರ್ ಕವರ್ ತಗೊಳ್ಳಿ. ಸೂಲಂಗಿಯನ್ನು ಮೆಲ್ಲಗೆ ಬಗ್ಗಿಸಿ ಕವರಿನೊಳಗೆ ಇಟ್ಟು ಬೆರಳಿನಿಂದ ತಟ್ಟಿ. ಕವರಿನ ತಳದಲ್ಲಿ ತೆಳು ಹಳದಿ ಪುಡಿ ಬೀಳುತ್ತದೆ. ಅರಿಶಿನಕ್ಕಿಂತ ನುಣುಪು. ನಾಲ್ಕಾರು ಗಿಡದ ಪುಡಿ ಒಟ್ಟು ಮಾಡಿ, ತಡ ಮಾಡದೆ ಚಿಕ್ಕ ಬ್ರಷ್‌ನಿಂದ ಪ್ರತಿ ತೆನೆಯ ಕೂದಲಿಗೆ ಸುತ್ತಲೂ ಹಚ್ಚಿ. ಒಂದೇ ಕಡೆ ಹಚ್ಚಿದರೆ ತೆನೆಯೂ ಒಂದೇ ಕಡೆ ತುಂಬುತ್ತದೆ. ಬಿಸಿಲೇರಿದ ಮೇಲೆ ಪರಾಗ ಬೇಗ ಸಾಯುತ್ತದೆ, ಸಂಜೆಗೆ ಎತ್ತಿಡೋಣ ಅನ್ನಬೇಡಿ.

ಒಂದು ದಿನ ಮಾಡಿ ಬಿಟ್ಟರೆ ಸಾಲದು. ಕೂದಲು ದಿನಾ ಹೊಸದು ಬರುತ್ತಿರುತ್ತದೆ. ನಾಲ್ಕೈದು ದಿನ ಮಾಡಬೇಕು.

ತಾರಸಿಯವರಿಗೆ ಇನ್ನೊಂದು ಮಾತು. ಗಾಳಿ ಮಳೆಗೆ ಬಕೆಟ್ ಸಮೇತ ಉರುಳುತ್ತವೆ. ಗುಂಪಿನ ಸುತ್ತ ಸೊಂಟದೆತ್ತರಕ್ಕೆ ಒಂದು ಹಗ್ಗ ಸುತ್ತಿ ಕಟ್ಟಿ. ನಾನು ಕಟ್ಟದೆ ಒಂದು ರಾತ್ರಿಯಲ್ಲಿ ಏಳು ಗಿಡ ಕಳೆದುಕೊಂಡಿದ್ದೇನೆ.


ನ್ಯೂಜೆರ್ಸಿ ಕನ್ನಡಿಗ | ಸೆಪ್ಟೆಂಬರ್ 7

ಈ ಚರ್ಚೆ ಓದಿ ಖುಷಿಯಾಯಿತು. ಇಲ್ಲಿ ಬೇಸಿಗೆ ಬಂದರೆ ರಸ್ತೆ ಬದಿಯ ರೈತರ ಮಳಿಗೆಗಳಲ್ಲೆಲ್ಲ ಇದೇ. ನಾವು ಹಿತ್ತಲಲ್ಲಿ ಮೇ ಮಧ್ಯದಲ್ಲಿ ಬಿತ್ತುತ್ತೇವೆ. ಹಿಮ ನಿಂತು ಮಣ್ಣು ಬೆಚ್ಚಗಾಗುವವರೆಗೆ ಕಾಯಲೇಬೇಕು. ಒಂದು ವರ್ಷ ಆತುರ ಮಾಡಿ ಏಪ್ರಿಲ್ ಕೊನೆಯಲ್ಲೇ ಬಿತ್ತಿ, ಬೀಜವೆಲ್ಲ ಮಣ್ಣಲ್ಲೇ ಕೊಳೆಯಿತು.

ಇಲ್ಲಿನ ಹಳಬರು ಒಲೆ ಮೇಲೆ ನೀರು ಕುದಿಯಲು ಇಟ್ಟು ಆಮೇಲೆ ತೆನೆ ಕೀಳಲು ಹೋಗು ಅನ್ನುತ್ತಾರೆ. ಹಳೆಯ ತಳಿಗಳಿಗೆ ಅದು ನಿಜವಾಗಿಯೂ ಬೇಕು. ಬೆಚ್ಚಗಿನ ಜಾಗದಲ್ಲಿಟ್ಟರೆ ಒಂದೇ ದಿನದಲ್ಲಿ ಹತ್ತಿರ ಅರ್ಧ ಸಕ್ಕರೆ ಹೋಗಿಬಿಡುತ್ತದೆ. ಈಗಿನ ಸೂಪರ್ ಸ್ವೀಟ್ ತಳಿಗಳು ಫ್ರಿಜ್‌ನಲ್ಲಿ ಕೆಲವು ದಿನ ತಡೆಯುತ್ತವೆ. ಆದರೂ ಕಿತ್ತ ಗಂಟೆಯೊಳಗೆ ತಿಂದ ತೆನೆಯ ರುಚಿ ಬೇರೆಯೇ. ಮನೆಯಲ್ಲಿ ಬೆಳೆಯಬೇಕು ಅನ್ನುವುದೇ ಅದಕ್ಕೆ.

ನಮಗಿಲ್ಲಿ ರಕೂನ್ ಅನ್ನುವ ಕಾಡುಪ್ರಾಣಿಯ ಕಾಟ. ನಾಳೆ ಕೀಳೋಣ ಅಂದುಕೊಂಡ ತೆನೆಯನ್ನು ಇವತ್ತು ರಾತ್ರಿಯೇ ಸುಲಿದು ತಿಂದಿರುತ್ತದೆ.


ಹಿತ್ತಲ ಹಸಿರು, ಮೈಸೂರು | ಸೆಪ್ಟೆಂಬರ್ 19

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮನಸ್ಸು ಗಟ್ಟಿ ಮಾಡಿದೆ, ಈ ತಿಂಗಳೇ ಇನ್ನೊಂದು ಸಲ ಹಾಕುತ್ತೇನೆ. ಹಸ್ತ, ಚಿತ್ತಾ ಮಳೆ ಸಿಗುತ್ತದೆ. ಹಿಂದಿನ ಸೈಟಿನ ಅಜ್ಜನನ್ನು ಮಾತಾಡಿಸಿ ಬಂದೆ. ಜೋಳ ಕಟಾವಾಗಿದೆ, ಈಗ ಹುರುಳಿ ಚೆಲ್ಲುತ್ತಾರಂತೆ. ಹಾಗಾದರೆ ಬೆರಕೆ ಭಯ ಇಲ್ಲ ಅಲ್ವಾ?

ಮುಂದುಗಡೆ ದಾಸವಾಳ, ಕ್ರೋಟನ್ ತೆಗೆದು 5 ಅಡಿ ಉದ್ದ, 5 ಅಡಿ ಅಗಲದ ಜಾಗ ಮಾಡಿದ್ದೇನೆ. ಬೆಳಿಗ್ಗೆಯಿಂದ ಮೂರು ಗಂಟೆವರೆಗೆ ಬಿಸಿಲು ಬೀಳುತ್ತದೆ. ಎಷ್ಟು ಗಿಡ ಹಾಕಲಿ? ಗೊಬ್ಬರ ಎಷ್ಟು?


ರಾಣೆಬೆನ್ನೂರು ರೈತ | ಸೆಪ್ಟೆಂಬರ್ 19

ನಾಲ್ಕು ಸಾಲು ಮಾಡಿ, ಸಾಲಿಗೂ ಸಾಲಿಗೂ ಒಂದೂವರೆ ಅಡಿ. ಸಾಲಿನಲ್ಲಿ ಗಿಡಕ್ಕೂ ಗಿಡಕ್ಕೂ ಒಂದು ಅಡಿಗೆ ಸ್ವಲ್ಪ ಕಮ್ಮಿ. 20 ಗಿಡ ಆರಾಮಾಗಿ ಕೂರುತ್ತವೆ. ಎಲ್ಲವನ್ನೂ ಒಂದೇ ದಿನ ಊರಿ. ವಾರ ಬಿಟ್ಟು ವಾರ ಊರಿದರೆ ಒಂದರ ಸೂಲಂಗಿಗೂ ಇನ್ನೊಂದರ ಕೂದಲಿಗೂ ಹೊಂದುವುದಿಲ್ಲ.

ಈ ಬೆಳೆ ಹೊಟ್ಟೆಬಾಕ. ಮೊದಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ನಾಲ್ಕು ಬುಟ್ಟಿ ಹಾಕಿ ಮಣ್ಣಿಗೆ ಬೆರೆಸಿ. ಜೊತೆಗೆ ಎರಡು ಹಿಡಿ ಬೇವಿನ ಹಿಂಡಿ. ಗಿಡ ಮೊಣಕಾಲೆತ್ತರ ಬಂದಾಗ ಗಿಡಕ್ಕೆ ಅರ್ಧ ಟೀ ಚಮಚ ಯೂರಿಯಾ, ಬುಡದಿಂದ ನಾಲ್ಕು ಬೆರಳು ದೂರದಲ್ಲಿ. ಮಣ್ಣು ಏರಿಸಿ ನೀರು ಬಿಡಿ. ಸೂಲಂಗಿ ಇಣುಕುವಾಗ ಇನ್ನರ್ಧ ಚಮಚ. ಅದಕ್ಕಿಂತ ಜಾಸ್ತಿ ಬೇಡ. ಬುಡಕ್ಕೆ ಮಣ್ಣು ಏರಿಸುವುದನ್ನು ಮರೆಯಬೇಡಿ. ಕೆಳಗಿನ ಗಿಣ್ಣಿನಿಂದ ಬೇರು ಇಳಿದು ನೆಲ ಹಿಡಿಯುತ್ತವೆ, ಗಾಳಿಗೆ ಗಿಡ ಬೀಳುವುದಿಲ್ಲ.

ಸೂಲಂಗಿ ಬಂದಾಗಿನಿಂದ ಕಾಳು ಹಾಲು ತುಂಬುವವರೆಗೆ ಒಂದು ದಿನವೂ ಬಾಡಲು ಬಿಡಬೇಡಿ. ಉಳಿದ ದಿನ ಒಂದೆರಡು ದಿನ ನೀರು ತಪ್ಪಿದರೂ ತಡೆದುಕೊಳ್ಳುತ್ತದೆ, ಆ ಮೂರು ವಾರ ಮಾತ್ರ ಇಲ್ಲ.


ಮಲೆನಾಡ ಮನೆ, ಶಿರಸಿ | ಸೆಪ್ಟೆಂಬರ್ 19

ಯೂರಿಯಾ ಇಲ್ಲದೆಯೂ ಆಗುತ್ತದೆ ಅಕ್ಕಾ. ನಾವು ಸೂಲಂಗಿ ಬರುವವರೆಗೆ 10 ದಿನಕ್ಕೊಮ್ಮೆ ಜೀವಾಮೃತ (ಸಗಣಿ, ಗಂಜಲ, ಬೆಲ್ಲ, ಹಿಟ್ಟು ಕಲಸಿ ಹುಳಿ ಬರಿಸಿದ ದ್ರವ) ಕೊಡುತ್ತೇವೆ. ಸಾಲಿನ ನಡುವೆ ಅಲಸಂದೆ ಹಾಕಿ. ನಮ್ಮ ಹಿರಿಯರು ರಾಗಿ, ಜೋಳದ ಹೊಲದಲ್ಲಿ ಅವರೆ, ತೊಗರಿ, ಅಲಸಂದೆ ಹಾಕುತ್ತಿದ್ದ ಅಕ್ಕಡಿ ಸಾಲು ಇದೇ ತಾನೇ. ತೆನೆ ಅಂಗಡಿಯದಕ್ಕಿಂತ ಚಿಕ್ಕದಾಗುತ್ತದೆ, ಅದನ್ನು ಒಪ್ಪಿಕೊಂಡೇ ಮಾಡುತ್ತಿದ್ದೇವೆ.

ನಮಗೆ ಗೊಬ್ಬರದ ಚಿಂತೆಯಲ್ಲ, ಮಂಗನ ಚಿಂತೆ. ಕಳೆದ ವರ್ಷ 30 ಗಿಡದಲ್ಲಿ ನಮಗೆ ಸಿಕ್ಕಿದ್ದು ನಾಲ್ಕು ತೆನೆ. ಒಂದು ಹಿಂಡು ಅರ್ಧ ಗಂಟೆಯಲ್ಲಿ ಮುಗಿಸಿತು. ತಿಂದಿದ್ದರೂ ಬೇಜಾರಾಗುತ್ತಿರಲಿಲ್ಲ, ಕಚ್ಚಿ ಕಚ್ಚಿ ಎಸೆದು ಹೋದವು. ಈ ಸಲ ಮನೆಯ ಅಂಗಳದಲ್ಲೇ, ಅಡುಗೆಮನೆ ಕಿಟಕಿಗೆ ಕಾಣುವ ಹಾಗೆ ಹಾಕಿ, ನಾಲ್ಕೂ ಕಡೆ ಮತ್ತು ಮೇಲೆ ಬಲೆ ಕಟ್ಟಿದ್ದೇವೆ.


ಕೃಷಿ ಪದವೀಧರೆ | ಸೆಪ್ಟೆಂಬರ್ 20

ಸಾರಜನಕ ಬೇಕು ಅನ್ನುವುದು ಮುಖ್ಯ, ಅದು ಯಾವ ದಾರಿಯಿಂದ ಬಂದರೂ ಸರಿ. ಕಮ್ಮಿಯಾದರೆ ಗಿಡವೇ ಹೇಳುತ್ತದೆ. ಕೆಳಗಿನ ಎಲೆ ತುದಿಯಿಂದ ಹಳದಿಯಾಗಿ, ಆ ಹಳದಿ ಎಲೆಯ ನಡುನರದ ಉದ್ದಕ್ಕೆ ಒಳಗೆ ಇಳಿಯುತ್ತದೆ. ಎಲೆಯ ಅಂಚು ಮಾತ್ರ ಸುಟ್ಟ ಹಾಗಾದರೆ ಅದು ಪೊಟ್ಯಾಷ್ ಕೊರತೆ. ಎಳೆ ಸಸಿ ನೇರಳೆ ಬಣ್ಣಕ್ಕೆ ತಿರುಗಿದರೆ ರಂಜಕ ಸಿಗುತ್ತಿಲ್ಲ ಅಂತ. ಮೂರನ್ನೂ ನೆನಪಿಟ್ಟುಕೊಳ್ಳಿ.

ಬೀಜದ ಬಗ್ಗೆ ಎರಡು ಮಾತು. ಸೂಪರ್ ಸ್ವೀಟ್ ಬೀಜ ಕೈಯಲ್ಲಿ ಹಿಡಿದರೆ ಸುಕ್ಕುಗಟ್ಟಿ ಹಗುರವಾಗಿರುತ್ತದೆ. ಒಳಗೆ ಹಿಟ್ಟು ಕಮ್ಮಿ, ಅಂದರೆ ಮೊಳಕೆಗೆ ಬುತ್ತಿ ಕಮ್ಮಿ. ಆದ್ದರಿಂದ ಆಳಕ್ಕೆ ಊರಬೇಡಿ, ಒಂದು ಅಂಗುಲಕ್ಕೂ ಕಮ್ಮಿ ಸಾಕು. ಹೆಸರುಕಾಳು ನೆನೆಸುವ ಹಾಗೆ ರಾತ್ರಿಯಿಡೀ ನೆನೆಸಬೇಡಿ. ಇದು ಬೇಗ ನೀರು ಕುಡಿದು ಒಳಗೇ ಒಡೆದು ಕೊಳೆಯುತ್ತದೆ. ಹದವಾದ ತೇವದಲ್ಲಿ ಊರಿ, ಮೊಳಕೆ ಬರುವವರೆಗೆ ನೀರು ನಿಲ್ಲದ ಹಾಗೆ ನೋಡಿಕೊಳ್ಳಿ. ಗುಳಿಗೆ ಎರಡು ಬೀಜ ಹಾಕಿ, ಬಂದ ಮೇಲೆ ಬಲವಾದ ಒಂದನ್ನು ಉಳಿಸಿ. ಬೀಜ ಗುಲಾಬಿ ಬಣ್ಣದಲ್ಲಿದ್ದರೆ ಔಷಧಿ ಹಚ್ಚಿದ್ದು. ಮಕ್ಕಳ ಕೈಗೆ ಕೊಡಬೇಡಿ, ಊರಿದ ಮೇಲೆ ಕೈ ತೊಳೆಯಿರಿ.

ಬುಡದಲ್ಲಿ ಪಕ್ಕದ ಮರಿ ಬಂದರೆ ಕೀಳಬೇಡಿ.


ರಾಣೆಬೆನ್ನೂರು ರೈತ | ಸೆಪ್ಟೆಂಬರ್ 20

ಮೇಡಂ, ಮರಿ ಬಿಟ್ಟರೆ ತೆನೆಗೆ ಹೋಗುವ ಸಾರ ಅದು ತಿನ್ನುವುದಿಲ್ಲವೇ? ನಮ್ಮ ಅಪ್ಪ ಮುರಿದು ದನಕ್ಕೆ ಹಾಕುತ್ತಿದ್ದರು.


ಕೃಷಿ ಪದವೀಧರೆ | ಸೆಪ್ಟೆಂಬರ್ 20

ಸ್ವೀಟ್ ಕಾರ್ನ್ ಸ್ವಭಾವವೇ ಮರಿ ಒಡೆಯುವುದು ಅಣ್ಣಾ. ಮರಿಯ ಎಲೆ ಮಾಡಿದ ಆಹಾರವೂ ತಾಯಿ ಗಿಡಕ್ಕೆ ಹೋಗುತ್ತದೆ. ಮುರಿದರೆ ಇಳುವರಿ ಜಾಸ್ತಿಯಾಗುವುದಿಲ್ಲ, ಗಾಯವಾಗಿ ರೋಗ ಬರುವುದೇ ಜಾಸ್ತಿ. ದನಕ್ಕೆ ಮೇವು ಬೇಕಿದ್ದರೆ ಅಪ್ಪ ಮಾಡಿದ್ದು ಸರಿಯೇ.


ಹಿತ್ತಲ ಹಸಿರು, ಮೈಸೂರು | ಅಕ್ಟೋಬರ್ 8

ಸೆಪ್ಟೆಂಬರ್ 24ಕ್ಕೆ ಊರಿದೆ. ಐದನೇ ದಿನ ಮೊಳಕೆ ಕಂಡಿತು. ಈಗ 20 ಸಸಿ ನಿಂತಿವೆ.

ಇನ್ನು ಆ ಒಣಗಲು ಬಿಟ್ಟ ತೆನೆ. ಇವತ್ತು ಸುಲಿದೆವು. ಮೇಡಂ, ನೀವು ಮೊದಲೇ ಹೇಳದೆ ಒಳ್ಳೆಯದು ಮಾಡಿದಿರಿ. ಒಂದೇ ದಿಂಡಿನ ಮೇಲೆ ಎರಡು ಥರದ ಕಾಳು. ಹೆಚ್ಚಿನವು ಒಣದ್ರಾಕ್ಷಿಯ ಹಾಗೆ ಮುದುಡಿ, ಬೆಳಕಿಗೆ ಹಿಡಿದರೆ ಅರೆಪಾರದರ್ಶಕವಾಗಿವೆ. ನಡುವೆ ಅಲ್ಲಲ್ಲಿ ದುಂಡಗೆ, ನುಣ್ಣಗೆ, ಗಟ್ಟಿ ಕಾಳು, ಅಜ್ಜನ ಸೈಟಿನ ಜೋಳದ್ದೇ ರೂಪ. ಮಗಳು ಬೇರೆ ಬೇರೆ ಮಾಡಿ ಎಣಿಸಿದಳು. ಸುಕ್ಕಿನದು 71, ದುಂಡಗಿನದು 33. ಆ 33 ಕಾಳಿನ ತಂದೆ ಗೋಡೆಯಾಚೆ ಇದ್ದ ಅಂತ ಹೇಳಿದಾಗ ಅವಳು ತುಂಬಾ ಹೊತ್ತು ಗೋಡೆಯನ್ನೇ ನೋಡುತ್ತಿದ್ದಳು. ಎರಡು ಪುಟ್ಟ ಬಾಟಲಿಯಲ್ಲಿ ಹಾಕಿ ಶಾಲೆಗೆ ತೋರಿಸಲು ಒಯ್ದಿದ್ದಾಳೆ.


ಕೃಷಿ ಪದವೀಧರೆ | ಅಕ್ಟೋಬರ್ 8

ಇದಕ್ಕಿಂತ ಚೆನ್ನಾಗಿ ಯಾವ ಪಾಠವೂ ಹೇಳಿಕೊಡಲಾರದು. ಸಿಹಿ ಕಾಳಿನಲ್ಲಿ ಹಿಟ್ಟು ಕಮ್ಮಿ, ನೀರು ಆರಿದ ಮೇಲೆ ಒಳಗೆ ತುಂಬಿಕೊಳ್ಳಲು ಏನೂ ಇರುವುದಿಲ್ಲ, ಅದಕ್ಕೇ ಮುದುಡುತ್ತದೆ. ಹತ್ತಿರದಲ್ಲಿ ಬೇರೆ ಜೋಳ ಇರುವವರು ಕನಿಷ್ಠ 100 ಮೀಟರ್ ದೂರ ಇಡಿ. ಜಾಗ ಇಲ್ಲದಿದ್ದರೆ ಬಿತ್ತನೆಯಲ್ಲಿ ಎರಡು ಮೂರು ವಾರ ಅಂತರ ಕೊಡಿ, ಎರಡರ ಸೂಲಂಗಿ ಒಟ್ಟಿಗೆ ಬರಬಾರದು ಅಷ್ಟೇ.


ಹಿತ್ತಲ ಹಸಿರು, ಮೈಸೂರು | ಅಕ್ಟೋಬರ್ 16

ಅರ್ಜೆಂಟ್. ಎರಡು ದಿನದಿಂದ ಎಲೆಗಳ ಮೇಲೆ ಸಾಲಾಗಿ ತೂತು. ಸುಳಿಯೊಳಗೆ ಒದ್ದೆ ಮರದ ಹೊಟ್ಟಿನಂಥದ್ದು ತುಂಬಿದೆ. ಕಡ್ಡಿಯಿಂದ ಬಿಡಿಸಿ ನೋಡಿದರೆ ಕಂದು ಹುಳು, ತಲೆ ಮೇಲೆ ಏನೋ ಬಿಳಿ ಗೆರೆ. 20ರಲ್ಲಿ 6 ಗಿಡದಲ್ಲಿ ಇದೆ.


ಕೃಷಿ ಪದವೀಧರೆ | ಅಕ್ಟೋಬರ್ 16

ಆ ಬಿಳಿ ಗೆರೆ ಕವೆಗೋಲನ್ನು ತಲೆಕೆಳಗೆ ಹಿಡಿದ ಹಾಗಿದೆಯಾ? ಬಾಲದ ಹತ್ತಿರ ನಾಲ್ಕು ಕಪ್ಪು ಚುಕ್ಕೆ ಚೌಕವಾಗಿ ಇವೆಯಾ? ಹಾಗಿದ್ದರೆ ಫಾಲ್ ಆರ್ಮಿವರ್ಮ್, ಸೈನಿಕ ಹುಳು. ಅಮೆರಿಕ ಖಂಡದ ಮೂಲದ್ದು. ನಮ್ಮ ದೇಶದಲ್ಲಿ ಮೊದಲು ಕಂಡಿದ್ದೇ ನಮ್ಮ ಶಿವಮೊಗ್ಗದಲ್ಲಿ, 2018ರ ಮೇ ತಿಂಗಳಲ್ಲಿ, ಮೆಕ್ಕೆಜೋಳದ ಮೇಲೆ. ಆಮೇಲೆ ದೇಶವೆಲ್ಲ ಹರಡಿತು.

20 ಗಿಡಕ್ಕೆ ವಿಷ ಬೇಡವೇ ಬೇಡ. ಬೆಳಿಗ್ಗೆ ಬೇಗ ಅಥವಾ ಸಂಜೆ ಪ್ರತಿ ಸುಳಿಯನ್ನೂ ಬಿಡಿಸಿ ಹುಳು ತೆಗೆದು ಸೋಪಿನ ನೀರಿಗೆ ಹಾಕಿ. ದೊಡ್ಡ ಹುಳುಗಳು ಒಂದನ್ನೊಂದು ತಿನ್ನುತ್ತವೆ, ಹಾಗಾಗಿ ಸುಳಿಗೆ ಸಾಮಾನ್ಯವಾಗಿ ಒಂದೇ ಇರುತ್ತದೆ. ಎಲೆಯ ಅಡಿಯಲ್ಲಿ ಬೂದು ಬಣ್ಣದ ನೂಲು ಮುಚ್ಚಿದ ಮೊಟ್ಟೆಯ ಗುಂಪು ಸಿಕ್ಕರೆ ಆ ಎಲೆಯ ಭಾಗವನ್ನೇ ಹಿಚುಕಿಬಿಡಿ. ಒಂದು ಗುಂಪಿನಲ್ಲಿ ನೂರಕ್ಕೂ ಜಾಸ್ತಿ ಇರುತ್ತವೆ. ಆಮೇಲೆ 9 ಪಾಲು ಒಣ ಮರಳಿಗೆ 1 ಪಾಲು ಸುಣ್ಣದ ಪುಡಿ ಬೆರೆಸಿ ಸುಳಿಗೆ ಒಂದೊಂದು ಚಿಟಿಕೆ ಹಾಕಿ. ಕಣ್ಣಿಗೆ ತಾಗದ ಹಾಗೆ ನೋಡಿಕೊಳ್ಳಿ. ಜೊತೆಗೆ 1500 ಪಿಪಿಎಂ ಶಕ್ತಿಯ ಬೇವಿನ ಔಷಧಿ, ಲೀಟರಿಗೆ 5 ಮಿಲಿ, ಸಂಜೆ ಹೊತ್ತು, ಸುಳಿಯೊಳಗೆ ಇಳಿಯುವ ಹಾಗೆ. ಹೊರಗಿನ ಎಲೆಗೆ ಹೊಡೆದು ಪ್ರಯೋಜನವಿಲ್ಲ, ಹುಳು ಒಳಗಿದೆ.


ರಾಣೆಬೆನ್ನೂರು ರೈತ | ಅಕ್ಟೋಬರ್ 16

ಆ ಮೊದಲ ವರ್ಷ ನಮಗೆ ಇದು ಯಾವ ಹುಳು ಅಂತಲೇ ಗೊತ್ತಿರಲಿಲ್ಲ. ಹೊಡೆದ ಔಷಧಿ ಯಾವುದೂ ನಾಟಲಿಲ್ಲ. ಹೊಲ ನೋಡಲು ಹೋಗುವುದಕ್ಕೇ ಮನಸ್ಸು ಬರುತ್ತಿರಲಿಲ್ಲ. ನಿಮಗೆ 20 ಗಿಡ ಅಕ್ಕಾರೇ, ಕೈಯಿಂದಲೇ ಗೆಲ್ಲಬಹುದು. ಒಂದು ದಿನವೂ ಬಿಡದೆ ಎರಡು ವಾರ ನೋಡಿ.


ಹಿತ್ತಲ ಹಸಿರು, ಮೈಸೂರು | ಅಕ್ಟೋಬರ್ 30

ಎರಡು ವಾರ, ದಿನಾ ಬೆಳಿಗ್ಗೆ ಆರೂವರೆಗೆ ಟಾರ್ಚು, ಕಡ್ಡಿ ಹಿಡಿದು ಕೂತೆ. ಒಟ್ಟು 14 ಹುಳು, ಮೂರು ಮೊಟ್ಟೆ ಗುಂಪು. ಈಗ ಹೊಸ ಎಲೆ ಶುದ್ಧವಾಗಿ ಬರುತ್ತಿದೆ. ಒಂದು ಗಿಡದ ಸುಳಿ ಪೂರ್ತಿ ಹೋಗಿತ್ತು, ತೆಗೆದೆ. 19 ಉಳಿದಿವೆ. ಸ್ವಲ್ಪ ಮುಂಚೆಯೇ ಮೊದಲ ಕಂತು ಯೂರಿಯಾ ಹಾಕಿ ಮಣ್ಣು ಏರಿಸಿದ್ದೆ, ಹಸಿರು ಕಪ್ಪಾಗುವಷ್ಟು ತಿರುಗಿದೆ.


ಕಲಬುರಗಿ ಅಂಗಳ | ನವೆಂಬರ್ 2

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ನಮ್ಮ ಕಡೆ ಬೇಸಿಗೆಯಲ್ಲಿ ಮಕ್ಕಳಿಗೆ ರಜೆ, ಆಗ ತಿನ್ನಲು ಸಿಗಲಿ ಅಂತ ಕಳೆದ ಸಲ ಫೆಬ್ರವರಿ ಕೊನೆಗೆ ಹಾಕಿದ್ದೆ. ಆರು ಸಾಲಿನ ಚೌಕವೇ ಇತ್ತು, ಆದರೂ ತೆನೆ ಬೋಳು. ಕಾರಣ ಏನಿರಬಹುದು?


ಕೃಷಿ ಪದವೀಧರೆ | ನವೆಂಬರ್ 2

ಬಿಸಿಲು. 35 ಡಿಗ್ರಿ ದಾಟಿದರೆ ಪರಾಗ ಸೊರಗುತ್ತದೆ, ಕೂದಲೂ ಬೇಗ ಒಣಗುತ್ತದೆ. ನೀವು ಹಾಕಿದ್ದಕ್ಕೆ ಸೂಲಂಗಿ ಬಂದಿದ್ದು ಏಪ್ರಿಲ್‌ನಲ್ಲಿ. ಕಲಬುರಗಿಯ ಏಪ್ರಿಲ್ ನಿಮಗೇ ಗೊತ್ತು. ಬಿತ್ತಿ 50 ದಿನಕ್ಕೆ ಸೂಲಂಗಿ ಅಂತ ಲೆಕ್ಕ ಹಾಕಿ, ಅದು ಫೆಬ್ರವರಿ ಮಧ್ಯದೊಳಗೆ ಬರುವ ಹಾಗೆ ಡಿಸೆಂಬರ್‌ನಲ್ಲೇ ಬಿತ್ತಿ. ಇಲ್ಲದಿದ್ದರೆ ಮುಂಗಾರಿಗೆ. ಬೇಸಿಗೆ ರಜೆಗೆ ನಿಮ್ಮ ಊರಲ್ಲಿ ಈ ಬೆಳೆ ಬೇಡ.


ಹಿತ್ತಲ ಹಸಿರು, ಮೈಸೂರು | ನವೆಂಬರ್ 21

ಸೂಲಂಗಿ 14ಕ್ಕೆ ಬಂತು, ಕೂದಲು 17ಕ್ಕೆ. ಬೆಳಿಗ್ಗೆ ಹತ್ತು ಗಂಟೆಗೆ ಗಿಡ ಮೆಲ್ಲಗೆ ಅಲ್ಲಾಡಿಸಿದರೆ ಬಿಸಿಲಿನಲ್ಲಿ ಹಳದಿ ಪುಡಿ ಹೊಗೆಯ ಹಾಗೆ ಇಳಿಯುವುದು ಕಾಣುತ್ತದೆ. ಜೂನ್ ಬೆಳೆಯಲ್ಲೂ ಇದು ಆಗಿತ್ತು, ನಾನು ನೋಡಿಯೇ ಇರಲಿಲ್ಲ. ತಾರಸಿ ತೋಟದವರು ಹೇಳಿದ ಹಾಗೆ ಕವರಿನಲ್ಲಿ ಹಿಡಿದು ಬ್ರಷ್‌ನಿಂದ ಐದು ದಿನ ಹಚ್ಚಿದೆ. ತಗುಲಿದೆಯೋ ಇಲ್ಲವೋ ಈಗಲೇ ತಿಳಿಯುವ ದಾರಿ ಇದೆಯಾ?


ಕೃಷಿ ಪದವೀಧರೆ | ನವೆಂಬರ್ 21

ಇದೆ, ಆದರೆ ಒಂದು ತೆನೆ ಬಲಿ ಕೊಡಬೇಕು. ಎರಡು ದಿನ ಬಿಟ್ಟು ಒಂದು ತೆನೆ ಕಿತ್ತು, ಚಾಕುವಿನಿಂದ ಸಿಪ್ಪೆಯನ್ನು ಉದ್ದಕ್ಕೆ ಸೀಳಿ, ಕೂದಲು ಕೀಳದ ಹಾಗೆ ಹುಷಾರಾಗಿ ಬಿಡಿಸಿ. ಬುಡ ಹಿಡಿದು ತಲೆಕೆಳಗೆ ಮಾಡಿ ಮೆಲ್ಲಗೆ ಅಲ್ಲಾಡಿಸಿ. ಪರಾಗ ಸೇರಿದ ಕಾಳಿನ ಕೂದಲು ತಾನಾಗಿ ಉದುರುತ್ತದೆ. ಸೇರದಿರುವುದು ಅಂಟಿಕೊಂಡೇ ಇರುತ್ತದೆ.


ಹಿತ್ತಲ ಹಸಿರು, ಮೈಸೂರು | ನವೆಂಬರ್ 24

ಮಾಡಿದೆವು. ಮಗಳು ಕೆಳಗೆ ಕಪ್ಪು ಬಟ್ಟೆ ಹಾಸಿದಳು. ಒಂದೆರಡು ಸಲ ಅಲ್ಲಾಡಿಸಿದೆ, ಕೂದಲೆಲ್ಲ ಗೊಂಚಲಾಗಿ ಬಟ್ಟೆ ಮೇಲೆ ಬಿತ್ತು. ತುದಿಯಲ್ಲಿ ಮಾತ್ರ ಒಂದು ಚಿಕ್ಕ ಜುಟ್ಟು ಉಳಿಯಿತು. ದಿಂಡಿನ ತುಂಬ ಮುತ್ತಿನಂಥ ಬಿಳಿ ಗುಳ್ಳೆಗಳ ಸಾಲು. ಬಲಿ ಕೊಟ್ಟ ತೆನೆಯನ್ನು ಬೇಬಿ ಕಾರ್ನ್ ಥರ ಪಲ್ಯಕ್ಕೆ ಹಾಕಿದೆ.

ಯಾವಾಗ ಕೀಳಬೇಕು? ಹೋದ ಸಲ ಸುಮ್ನೆ ಅಂದಾಜಿಗೆ ಕಿತ್ತಿದ್ದೆ.


ತಾರಸಿ ತೋಟ, ಬೆಂಗಳೂರು | ನವೆಂಬರ್ 24

ಕೂದಲು ಬಂದ ದಿನದಿಂದ 20 ದಿನ ಎಣಿಸಿ, ಚಳಿ ಇದ್ದರೆ ಇನ್ನೆರಡು ಮೂರು ದಿನ. ಹೊರಗಿನ ಕೂದಲು ಕಂದಾಗಿ ಒಣಗಿರಬೇಕು, ಸಿಪ್ಪೆ ಮಾತ್ರ ಹಸಿರಾಗಿಯೇ ಇರಬೇಕು. ತುದಿಯನ್ನು ಸಿಪ್ಪೆಯ ಮೇಲಿನಿಂದಲೇ ಒತ್ತಿ ನೋಡಿ, ಮೊನಚಿಲ್ಲದೆ ದುಂಡಗೆ ತುಂಬಿದೆ ಅನಿಸಬೇಕು. ಆಮೇಲೆ ಸ್ವಲ್ಪ ಸಿಪ್ಪೆ ಸರಿಸಿ ಒಂದು ಕಾಳಿಗೆ ಉಗುರು ಒತ್ತಿ. ನೀರು ಬಂದರೆ ಇನ್ನೂ ಎಳಸು. ಹಾಲು ಬಂದರೆ ಅವತ್ತೇ ಕೀಳಿ. ಹಿಟ್ಟಿನಂತೆ ಬಂದರೆ ತಡವಾಯಿತು. ಸೂಪರ್ ಸ್ವೀಟ್‌ನಲ್ಲಿ ಹಾಲು ಸ್ವಲ್ಪ ತೆಳ್ಳಗೇ ಇರುತ್ತದೆ.

ಕೊನೆಯ ವಾರ ಅಳಿಲು, ಗಿಳಿ ಬರುತ್ತವೆ. ನಾನು ಹಳೆಯ ಕಾಲುಚೀಲ ತೊಡಿಸುತ್ತೇನೆ. ಆದರೆ ಕೂದಲು ಒಣಗಿದ ಮೇಲೆ ಮಾತ್ರ, ಮೊದಲೇ ಮುಚ್ಚಿದರೆ ಪರಾಗ ತಡೆದ ಹಾಗಾಗುತ್ತದೆ.


ಹಿತ್ತಲ ಹಸಿರು, ಮೈಸೂರು | ಡಿಸೆಂಬರ್ 10

ಇವತ್ತು ಬೆಳಿಗ್ಗೆ ಏಳು ಗಂಟೆಗೆ ಮೊದಲ ನಾಲ್ಕು ತೆನೆ ಕಿತ್ತೆವು. ಉಗುರು ಒತ್ತಿದರೆ ಹಾಲು ಚಿಮ್ಮಿ ಮಗಳ ಕನ್ನಡಕದ ಮೇಲೆ ಬಿತ್ತು. ಸಿಪ್ಪೆ ಸುಲಿಯುವಾಗ ನನ್ನ ಕೈ ನಡುಗುತ್ತಿತ್ತು. ತುದಿಯಲ್ಲಿ ಅರ್ಧ ಅಂಗುಲ ಬಿಟ್ಟರೆ ತೆನೆ ತುಂಬ ಕಾಳು. ಒತ್ತೊತ್ತಾಗಿ, ಒಂದಕ್ಕೊಂದು ಆತುಕೊಂಡು. 16 ಸಾಲು. ಇನ್ನೊಂದರಲ್ಲಿ 14. ಎಣಿಸಿದ್ದು 538.

ಅರ್ಧ ಗಂಟೆಯೊಳಗೆ ಹಬೆಯಲ್ಲಿ ಬೇಯಿಸಿ ತಿಂದೆವು. ಉಪ್ಪು, ಖಾರ, ನಿಂಬೆಹಣ್ಣು ಎಲ್ಲ ಮೇಜಿನ ಮೇಲೆ ಇಟ್ಟಿದ್ದೆ, ಯಾರೂ ಮುಟ್ಟಲಿಲ್ಲ. ಒಂದು ಕಾಳೂ ಸಪ್ಪೆ ಇರಲಿಲ್ಲ. ಒಂದು ತೆನೆ ಹಿಂದಿನ ಸೈಟಿನ ಅಜ್ಜನಿಗೆ ಕೊಟ್ಟು ಬಂದೆ. ಮುಂದಿನ ಮುಂಗಾರಿಗೆ ತಾವು ಯಾವ ದಿನ ಬಿತ್ತುತ್ತೇವೆ ಅಂತ ಮೊದಲೇ ಹೇಳುತ್ತಾರಂತೆ. ನಾನು ಮೂರು ವಾರ ಬಿಟ್ಟು ಹಾಕುತ್ತೇನೆ.

ಎರಡು ತೆನೆ ಬೀಜಕ್ಕೆ ಒಣಗಿಸಲಾ?


ಕೃಷಿ ಪದವೀಧರೆ | ಡಿಸೆಂಬರ್ 10

ಓದಿ ಕಣ್ಣು ತುಂಬಿತು ಅಕ್ಕಾ. ಬೀಜಕ್ಕೆ ಬೇಡ, ನಿಮ್ಮದು ಹೈಬ್ರಿಡ್. ಅದರ ಬೀಜ ಬಿತ್ತಿದರೆ ಗಿಡಕ್ಕೊಂದು ಎತ್ತರ, ತೆನೆಗೊಂದು ಗಾತ್ರ ಬರುತ್ತದೆ. ಬೀಜ ಉಳಿಸಿಕೊಳ್ಳುವ ಆಸೆ ಇದ್ದರೆ ಮಾಧುರಿ, ಪ್ರಿಯಾ ಥರದ ಸಂಯುಕ್ತ ತಳಿ ಹುಡುಕಿ. ಕೃಷಿ ವಿಶ್ವವಿದ್ಯಾಲಯದ ಬೀಜ ಘಟಕದಲ್ಲಿ, ಕೃಷಿ ಮೇಳದಲ್ಲಿ ವಿಚಾರಿಸಿ.


ರಾಣೆಬೆನ್ನೂರು ರೈತ | ಡಿಸೆಂಬರ್ 10

ತೆನೆ ಎಲ್ಲ ಮುಗಿದ ಮೇಲೆ ದಂಟು ಒಣಗಲು ಬಿಡಬೇಡಿ ಅಕ್ಕಾರೇ. ಇನ್ನೂ ಹಸಿರಿದ್ದಾಗಲೇ ಕಡಿದು ಹತ್ತಿರದಲ್ಲಿ ಹಸು ಇರುವವರಿಗೆ ಕೊಡಿ, ಸಿಹಿ ದಂಟು, ಬಿಡದೆ ತಿನ್ನುತ್ತದೆ. ಬೇವಿನ ಔಷಧಿ ಹೊಡೆದು ಎರಡು ತಿಂಗಳಾಯಿತು, ತೊಂದರೆ ಇಲ್ಲ. ಆ ಜಾಗಕ್ಕೆ ಈಗ ಮೆಂತ್ಯ ಚೆಲ್ಲಿ, ಆಮೇಲೆ ಅಲಸಂದೆ. ಜೋಳದ ಮೇಲೆ ಜೋಳ ಹಾಕಬೇಡಿ.